ಜೀವ ಇರುವ ಬಿರುಕು

ನಮ್ಮ ಬೀದಿಯ ಮೂವತ್ತೊಂದು ಮನೆಗಳ ಗೋಡೆಗಳಿಗೆ ಒಬ್ಬರೇ ಗಾರೆಯವರು. ಬೀದಿಯನ್ನು ಪಾರಂಪರಿಕ ಎಂದು ಗುರುತಿಸಿದ ಮೇಲೆ ಪುರಾತತ್ವ ಕಚೇರಿಯ ಅಪ್ಪಣೆಯಿಲ್ಲದೆ ನಾವು ಒಂದು ಕಿಟಕಿಗೆ ಬಣ್ಣ ಬಳಿಯುವಂತಿಲ್ಲ. ಆ ಕಚೇರಿಗೇ ಕೆಲಸ ಮಾಡುವ ಗಾರೆಯವರು ಮಾತ್ರ ಬೇಕೆಂದಾಗ ಬಂದು, ಗೋಡೆಗೆ ಕಿವಿಯಾನಿಸಿ, ಬೆರಳಗೆಣ್ಣಿನಿಂದ ಕುಟ್ಟಿ ಹೋಗಬಹುದು. ಎಂಟು ತಿಂಗಳ ಕೂಸಿರುವ ಮಲಗುವ ಕೋಣೆಗೆ ನೇರವಾಗಿ ನುಗ್ಗುವ ಗಂಡಸನ್ನು ಯಾರು ತಾನೆ ನಂಬುತ್ತಾರೆ?

"ನಿನ್ ಗಂಡ ತೊಟ್ಟಿಲಲ್ಲಿದ್ದಾಗಿಂದ ಬರ್ತಿದಾರೆ ಕಣೆ" ಎಂದರು ಅತ್ತೆ.

"ಅದಕ್ಕೇ ಅತ್ತೆ ಭಯ. ಮನೆ ಮೂಲೆಮೂಲೆನೂ ಗೊತ್ತು ಅವ್ರಿಗೆ."

"ಏನ್ ಮಾಡ್ತಾರೆ? ಗೋಡೆ ಹೊತ್ಕೊಂಡ್ ಹೋಗ್ತಾರಾ?"

ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಸುಣ್ಣ ಕಲಸಿ ಕಲಸಿ ಆ ಮನುಷ್ಯನ ಬೆರಳ ಗೆರೆಗಳೇ ಸವೆದುಹೋಗಿವೆ, ಕಚೇರಿಯ ಹಾಜರಿ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ ಎಂದು ಎದುರುಮನೆಯ ದರ್ಜಿ ಹೇಳಿದ್ದ. ಬೆರಳಚ್ಚೇ ಇಲ್ಲದವರು! ಅಂದಿನಿಂದ ಅವರು ಬಂದರೆ ನಾನು ಮಗುವನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ.

ಆದರೆ ನನಗಿಂತ ದೊಡ್ಡ ಅನುಮಾನದ ಪ್ರಾಣಿ ಅವರು. ಹತ್ತೊಂಬತ್ತರ ವಯಸ್ಸಿನಲ್ಲಿ ಬೀದಿಯ ಕೊನೆಯ ಕಮಾನನ್ನು ನೋಡಿ "ಏನೂ ಆಗಲ್ಲ" ಅಂದಿದ್ದರಂತೆ. ಅದು ಕುಸಿದು, ಅಡಿಯಲ್ಲಿ ನಿಂತಿದ್ದ ಅವರ ಭಾವ ಇಂದಿಗೂ ಕುಂಟುತ್ತಾರೆ. ಅಂದಿನಿಂದ ಗಾರೆಯವರು ತಮ್ಮ ಕಣ್ಣನ್ನೇ ನಂಬುವುದಿಲ್ಲ. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆಯುತ್ತಾರೆ. ಮೂರು ತಿಂಗಳಿಗೊಮ್ಮೆ ಬಂದು ಗಾಜನ್ನೇ ಕೇಳುತ್ತಾರೆ. ಮದುವೆ ಮನೆಗೆ ಹೋದರೂ ಮೊದಲು ಚಾವಣಿ ನೋಡಿ, ಆಮೇಲೆ ಗಂಡು ಹೆಣ್ಣನ್ನು ನೋಡುವವರು ಎಂದು ಅವರ ಹೆಂಡತಿಯೇ ಆಡಿಕೊಳ್ಳುತ್ತಾರೆ.

ಕಳೆದ ವಾರ ಅತ್ತೆ ಸಂತೆಗೆ ಹೋಗಿದ್ದಾಗ ಬಂದರು. ಮಗುವಿನ ಕೋಣೆಯ ಗಾಜಿನ ಪಟ್ಟಿ ನೋಡಿದರು, ಬೀದಿ ಕಡೆಯ ಕೋಣೆಯದನ್ನೂ ನೋಡಿದರು. ಹೊರಡುವ ಅವಸರದಲ್ಲಿ ಹೊಸ್ತಿಲಲ್ಲಿ ನಿಂತು, "ಮಗು ಕೋಣೇದು ಸತ್ತಿದೆ ಕಣಮ್ಮ, ಒಳ್ಳೇದಾಯ್ತು. ಮುಂದಿನ ಕೋಣೇದಕ್ಕೆ ಇನ್ನೂ ಜೀವ ಇದೆ. ಅಲ್ಲಿ ಯಾರೂ ಮಲ್ಗೋದ್ ಬೇಡ. ಈಗ ಬಂದೆ" ಎಂದರು.

ಗೋಡೆ ಸತ್ತಿದೆ, ಅದೂ ಮಗು ಮಲಗುವ ಕಡೆ, ಇವರಿಗೆ ಒಳ್ಳೇದಾಯ್ತಂತೆ! ಮನೆ ಬಿದ್ದರೆ ಇವರಿಗೇ ತಾನೆ ಕೆಲಸ? 'ಅಲ್ಲಿ' ಎಂದರೆ ಸತ್ತ ಗೋಡೆಯ ಕಡೆಯೇ ಎಂದುಕೊಂಡೆ. ತೊಟ್ಟಿಲನ್ನು ದರದರ ಎಳೆದು ಮುಂದಿನ ಕೋಣೆಯ ಗೋಡೆಗೆ ಒತ್ತಿ ನಿಲ್ಲಿಸಿ, ಮಗಳನ್ನು ಮಲಗಿಸಿ, ಜೀವ ಇರುವ ಗೋಡೆಯನ್ನು ಸವರಿ ನಿಟ್ಟುಸಿರು ಬಿಟ್ಟೆ.

ಗಾರೆಯವರು ಗೋಡೆಗೆ ಆನಿಸುವ ಮರದ ಕಂಬಗಳನ್ನು ಹೊತ್ತು ಮರಳಿದರು. ತೊಟ್ಟಿಲು ಕಂಡದ್ದೇ ಕಂಬಗಳನ್ನು ಧೊಪ್ಪನೆ ಕೆಡವಿ, ಒಂದು ಮಾತೂ ಆಡದೆ ಮಗುವನ್ನು ಬಾಚಿಕೊಂಡು ಬೀದಿಗೆ ಓಡಿದರು.

"ಮಗು! ಅಯ್ಯೋ, ಮಗು ಕದ್ಕೊಂಡ್ ಹೋಗ್ತಿದಾರೆ!" ಎಂದು ಬೀದಿ ಕಿತ್ತುಹೋಗುವಂತೆ ಕಿರುಚಿದೆ. ದರ್ಜಿ ಕತ್ತರಿ ಹಿಡಿದೇ ಹೊರಬಂದ.

ಬೀದಿಯ ಆಚೆ ಬದಿಗೆ ಹೋಗಿ ಗಾರೆಯವರು ನಿಂತರು. ಮಗಳು ಅವರ ಮೀಸೆ ಎಳೆಯುತ್ತಿದ್ದಳು.

"ಜೀವ ಇದೆ ಅಂದ್ನಲ್ಲಮ್ಮ!" ಎಂದು ನನ್ನತ್ತ ಕೂಗಿದರು.

"ಅದಕ್ಕೇ ಅಲ್ಲಿ ಮಲಗ್ಸಿದ್ದು!"

ನಾನು ಬೀದಿ ದಾಟಿ ಅವರ ಮುಂದೆ ಹೋಗಿ ನಿಂತೆ.

"ಜೀವ ಇರೋ ಬಿರುಕು ಅಂದ್ರೆ ಇನ್ನೂ ಬೆಳೀತಿರೋದು ತಾಯಿ. ಅಲ್ಲಿ ಗಾಜು ಎರಡಾಗಿದೆ. ಸತ್ತ ಬಿರುಕು ಅಂದ್ರೆ ನಿಂತುಹೋಯ್ತು, ಇನ್ನು ತೊಂದ್ರೆ ಇಲ್ಲ ಅಂತ."

ಮಗುವನ್ನು ಕಿತ್ತುಕೊಂಡು ಅಪ್ಪಿಕೊಂಡೆ. "ಮನುಷ್ಯರಿಗೆ ಅರ್ಥ ಆಗೋ ಹಾಗೆ ಹೇಳ್ಬಾರ್ದಾ?"

"ಐವತ್ತು ವರ್ಷದಿಂದ ಎಲ್ಲಾ ಮನೇಲೂ ಹೀಗೇ ಹೇಳಿದೀನಿ..." ಅವರು ಬೀದಿಯುದ್ದಕ್ಕೂ, ಒಂದೊಂದು ಬಾಗಿಲನ್ನೂ ನೋಡಿದರು.

ಒಳಗೆ ಹೋಗಿ ಕಂಬಗಳನ್ನು ಆನಿಸಿದರು. ಕೈ ಕೂಡ ತೊಳೆಯಲಿಲ್ಲ. "ನೀವೂ ಬನ್ನಿ. ನಾನು ಹೇಳಿದ್ದು ಬೇರೆ ಮನೆಯವ್ರಿಗೆ ಏನಂತ ಕೇಳಿಸ್ತು, ನೀವೇ ಕೇಳಿ. ನನ್ ಕಿವಿ ನಂಬೋ ಹಾಗಿಲ್ಲ" ಎಂದರು.

ಮಗಳನ್ನು ಸೊಂಟಕ್ಕೇರಿಸಿಕೊಂಡು ಹೋಗಿ ಪಕ್ಕದ ಮನೆಯ ಕದ ತಟ್ಟಿದೆ. ಹೊಸ ಸೊಸೆ ಬಾಗಿಲು ತೆರೆದು, ನಮ್ಮಿಬ್ಬರನ್ನೂ ಅನುಮಾನದಿಂದ ನೋಡಿದಳು.

"ನೀವು ಯಾವ ಗೋಡೆ ಪಕ್ಕ ಮಲಗ್ತೀರಿ?" ಎಂದು ಕೇಳಿದೆ.