ಬಿಗಿಯಾದ ಕಾಲ್ಗಡಗ

ಕೃಷ್ಣಮ್ಮ ಸಿಸ್ಟರ್ ನಮ್ಮ ಅಂಗನವಾಡಿಗೆ ಬರುವ ದಿನ ನನಗೆ ಬೆಳಗ್ಗೆಯಿಂದಲೇ ತಲೆಬಿಸಿ. ಹದಿನೆಂಟು ವರ್ಷದಿಂದ ಜಾವಳಿ ಕಡೆಯ ಮಕ್ಕಳನ್ನು ನೋಡಿಕೊಳ್ಳುತ್ತಿರುವ ನರ್ಸ್ ಅವರು. ನಾನು ನಿಖಿತಾ, ಇಲ್ಲಿನ ಟೀಚರ್. ತಿಂಗಳಿಗೊಮ್ಮೆ ಮಕ್ಕಳನ್ನು ತೂಗುವಾಗ ಸ್ವೆಟರ್ ತೆಗೆಯಬೇಕು, ಟೋಪಿ ತೆಗೆಯಬೇಕು, ಉಡಿದಾರ, ಕಾಲ್ಗಡಗ ಎಲ್ಲ ಬಿಚ್ಚಬೇಕು. "ನಾನು ತೂಗೋದು ಮಗೂನ, ನಿಮ್ಮ ಬೆಳ್ಳೀನ ಅಲ್ಲ" ಎನ್ನುತ್ತಾರೆ. ನಮ್ಮ ಅಜ್ಜಿಯರಿಗೋ ಮಗುವಿನ ಮೈಮೇಲಿನ ಬೆಳ್ಳಿ ಬಿಚ್ಚುವುದೆಂದರೆ ದೃಷ್ಟಿಯಾಗುತ್ತದೆಂಬ ಹೆದರಿಕೆ. ನಡುವೆ ಸಿಕ್ಕಿಕೊಂಡು ಎರಡೂ ಕಡೆ ಬೈಸಿಕೊಳ್ಳುವವಳು ನಾನು.

ತೂಗಿದ ಮೇಲೂ ಅವರು ಬಿಡುವುದಿಲ್ಲ. ಮಕ್ಕಳ ಮನೆಗೇ ಹೋಗಿ ತೋಟಕ್ಕೆ ಹೊಡೆಯುವ ಮೈಲುತುತ್ತ ಎಲ್ಲಿಟ್ಟಿದ್ದೀರಿ, ಬಚ್ಚಲ ಹಂಡೆಗೆ ಮುಚ್ಚಳ ಇದೆಯಾ ಎಂದು ಇಣುಕಿ ನೋಡುತ್ತಾರೆ. ಒಮ್ಮೆ ದೊಡ್ಡ ತೋಟದ ಸೋಮಶೇಖರಪ್ಪನವರ ಜಗಲಿಯಲ್ಲಿ ಜ್ಯೂಸ್ ಬಾಟಲಿಯೊಳಗೆ ಕಳೆ ಔಷಧಿ ತುಂಬಿಟ್ಟಿದ್ದು ಕಣ್ಣಿಗೆ ಬಿತ್ತು. ಮೊಮ್ಮಗ ತನ್ಮಯ್ ಪಕ್ಕದಲ್ಲೇ ಅಂಬೆಗಾಲಿಡುತ್ತಿದ್ದ. ಊರಿಗೇ ಜೋರು ಮಾಡುವ ಯಜಮಾನರು ಆ ದಿನ ಕೈಕಟ್ಟಿ ನಿಂತು ಬೈಸಿಕೊಂಡರು. ನನಗೆ ಒಳಗೊಳಗೇ ಖುಷಿಯಾಯಿತು.

ಇಂಥವರು ತಪ್ಪು ಮಾಡಿದ ದಿನವನ್ನು ಹೇಳಬೇಕು. ಆ ತಪ್ಪಿನಲ್ಲಿ ನನಗೂ ಪಾಲಿದೆ.

ಹೋದ ವರ್ಷದ ಜನವರಿ. ಕಾಫಿ ಕುಯ್ಲು ಜೋರಾಗಿತ್ತು, ಎಲ್ಲರಿಗೂ ಅವಸರ. ದ್ಯಾವಮ್ಮ ತಮ್ಮ ಇಪ್ಪತ್ತು ತಿಂಗಳ ಮೊಮ್ಮಗಳು ಕೃತಿಕಾಳನ್ನು ಎತ್ತಿಕೊಂಡು ಬಂದರು. ಮಗುವಿನ ತಾಯಿ ಎರಡನೇ ಹೆರಿಗೆಗೆಂದು ವಸ್ತಾರೆಯ ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಎರಡು ಎಕರೆ ತೋಟ, ಹಸು, ಕೋಳಿ ಇರುವ ಮನೆ. ಮೊಮ್ಮಗಳೆಂದರೆ ದ್ಯಾವಮ್ಮನಿಗೆ ಪ್ರಾಣ.

ಕಾಲ್ಗಡಗ ಬಿಚ್ಚಲು ನೋಡಿದೆ, ಬರಲಿಲ್ಲ. ಸೋಪು ಹಚ್ಚಿದರೂ ಬರಲಿಲ್ಲ.

"ಬರಲ್ಲ ಮಾರಾಯ್ತಿ, ಎಂತಕ್ಕೆ ಎಳೀತಿ?" ದ್ಯಾವಮ್ಮ ನಕ್ಕರು. "ನನ್ನ ಕೂಸು ಮೈಕೈ ತುಂಬ್ಕಂಡದೆ. ಕಡಗ ಚಿಕ್ಕದಾಯ್ತು."

ಸಿಸ್ಟರ್ ಕೂಡ ನಕ್ಕರು. "ಇರ್ಲಿ ಬಿಡಿ, ಬೆಳ್ಳಿಗೆ ಎಂಬತ್ತು ಗ್ರಾಂ ಕಳೀತೀನಿ" ಎಂದು ಕಡಗದ ಸಮೇತ ತಕ್ಕಡಿಗೆ ಏರಿಸಿದರು. ಎಂಬತ್ತು ಕಳೆದು ಎಂಟು ಕೆಜಿ ಆರುನೂರು ಬಂತು. ಹಿಂದಿನ ತಿಂಗಳು ಬರೀ ಎಂಟಿತ್ತು. ಮೊಬೈಲಿಗೆ ಹಾಕಿದೆ, ಕಮ್ಮಿ ತೂಕದ ಹಳದಿ ಇದ್ದದ್ದು ಸರಿ ತೂಕದ ಹಸಿರಾಯಿತು. ಒಂದೇ ತಿಂಗಳಲ್ಲಿ ಆರುನೂರು ಗ್ರಾಂ ಹೇಗೆ ಏರಿತೆಂದು ನಾವಿಬ್ಬರೂ ಕೇಳಲಿಲ್ಲ. ದ್ಯಾವಮ್ಮ ಬೀಗುತ್ತಾ ಹೋದರು.

ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ನಮ್ಮಿಬ್ಬರ ಊಟಕ್ಕೆ ಅಕ್ಕಿ ರೊಟ್ಟಿಯ ಹಿಟ್ಟು ನಾದುತ್ತಿದ್ದೆ. ಮೆತ್ತಗಾಗಿದೆಯಾ ಎಂದು ಸಿಸ್ಟರ್ ಉಂಡೆಯೊಂದನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಅವರು ಅದನ್ನೇ ನೋಡುತ್ತಾ ನಿಂತರು.

"ನಿಖಿತಾ, ಆ ಕಡಗ ಸರಿಸಿದಾಗ ಕೆಳಗೆ ಗುರುತು ಹೆಂಗಿತ್ತು?"

"ಗುಂಡಿ ಬಿದ್ದಂಗಿತ್ತು ಸಿಸ್ಟರ್. ಬಿಗಿ ಇತ್ತಲ್ಲ."

"ತೂಗುವಾಗ ಅತ್ತಳಾ?"

ಅತ್ತಿರಲಿಲ್ಲ. ತಕ್ಕಡಿಯಲ್ಲಿ ನೇತಾಡಿಸಿದರೆ ಊರು ಹಾರಿಹೋಗುವಂತೆ ಕಿರುಚುವ ವಯಸ್ಸು ಅದು. ಕೃತಿಕಾ ಸುಮ್ಮನೆ ತೂಗಾಡುತ್ತಿದ್ದಳು. ಎಷ್ಟು ಜಾಣೆ ಎಂದು ನಾನೇ ಹೊಗಳಿದ್ದೆ.

"ಅದು ಮೈ ತುಂಬಿದ್ದಲ್ಲ ಕಣೇ. ನೀರು. ಮಗು ಬಾತ್ಕೊಂಡಿದೆ. ನಾನು ಬೆಳ್ಳಿ ಲೆಕ್ಕ ಹಾಕ್ತಾ ಕೂತೆ." ಸಿಸ್ಟರ್ ಆಗಲೇ ಅಡುಗೆಮನೆಯ ಡಬ್ಬದಿಂದ ಸಕ್ಕರೆ ಕಾಗದಕ್ಕೆ ಸುರಿದುಕೊಳ್ಳುತ್ತಿದ್ದರು. ಚಮಚ, ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡರು.

ಫಯಾಜ್‌ಗೆ ಫೋನ್ ಮಾಡಿದೆ. ರಸ್ತೆಬದಿಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ಹುಡುಗ, ಜೀಪು ಅವನದೇ. ಅವನು ಬರುವಷ್ಟರಲ್ಲಿ ದ್ಯಾವಮ್ಮನ ಮನೆಯತ್ತ ಓಡುತ್ತಾ ಅರ್ಧ ದಾರಿ ತಲುಪಿದ್ದೆವು. ಮನೆಗೆ ಬೀಗ. ತೋಟಕ್ಕೆ ನುಗ್ಗಿ ದ್ಯಾವಮ್ಮನ ಹೆಸರು ಕೂಗುತ್ತಾ ಗಿಡಗಳ ನಡುವೆ ಅಲೆದೆವು. ಯಾವ ಸಾಲಿನಲ್ಲಿ ನೋಡಿದರೂ ಹಣ್ಣೇ ಹಣ್ಣು, ಮನುಷ್ಯರಿಲ್ಲ.

ಕೊನೆಗೆ ತೋಟದ ಕೆಳಗಿನ ಪಟ್ಟೆಯಲ್ಲಿ ದ್ಯಾವಮ್ಮ ಸಿಕ್ಕರು. ನೆರಳಿಗೆ ಬೆಳೆಸಿದ ಎರಡು ಸಿಲ್ವರ್ ಮರಗಳ ನಡುವೆ ಸೀರೆಯ ಜೋಲಿ, ಅದರೊಳಗೆ ಮಗು.

"ಶ್! ಈಗ ಮಲಗದೆ. ಏಳಿಸ್ಬೇಡಿ."

ಸಿಸ್ಟರ್ ಕೇಳಲಿಲ್ಲ. ಮಗುವನ್ನು ಎತ್ತಿ ಪಾದದ ಮೇಲೆ ಹೆಬ್ಬೆರಳು ಒತ್ತಿದರು. ಒಂದು, ಎರಡು, ಮೂರು ಎಣಿಸಿ ಬಿಟ್ಟರು. ಗುಳಿ ಉಳಿಯಿತು. ಇನ್ನೊಂದು ಪಾದದಲ್ಲೂ ಉಳಿಯಿತು. ನಾನು ಆ ಕಾಲು ಮುಟ್ಟಿದೆ. ಬಿಸಿಲಿನ ಹೊತ್ತಿನಲ್ಲೂ ತಣ್ಣಗಿತ್ತು.

"ದ್ಯಾವಮ್ಮ, ಇವಳಿಗೆ ಎಂತ ತಿನ್ನಿಸ್ತಿದೀರಿ?"

"ಪಥ್ಯ ಅಲ್ದಾ ಸಿಸ್ಟರಮ್ಮ. ಡಿಸೆಂಬರ್‌ನಾಗೆ ಭೇದಿ ಆಗಿತ್ತಲ್ಲ. ಹಾಲು, ಮೊಟ್ಟೆ, ಬೇಳೆ ಎಂತದೂ ಕೊಟ್ಟಿಲ್ಲ. ಗಂಜಿ ತಿಳಿ, ಬೆಲ್ಲದ ಕಾಫಿಗೆ ರಸ್ಕ್ ಅದ್ದಿ ಕೊಡ್ತೀನಿ. ಒಂದು ದಿನಾನೂ ಪಥ್ಯ ತಪ್ಪಿಸಿಲ್ಲ."

ಎಷ್ಟು ಹೆಮ್ಮೆಯಿಂದ ಹೇಳಿದರು! ಮನೆಯಲ್ಲಿ ದಿನಾ ಆರು ಮೊಟ್ಟೆ ಸಿಗುತ್ತಿತ್ತು. ನನಗೆ ಆ ಮುದುಕಿಯ ಮೇಲೆ ಸಿಟ್ಟು ನೆತ್ತಿಗೇರಿತು, ಬಾಯಿ ತೆರೆದೆ. ಸಿಸ್ಟರ್ ನನ್ನ ಕೈ ಹಿಡಿದು ತಡೆದರು.

"ತಪ್ಪು ನಂದು ದ್ಯಾವಮ್ಮ. ಬೆಳಗ್ಗೆ ನಾನು ಸರಿಯಾಗಿ ನೋಡ್ಲಿಲ್ಲ. ಇದು ಮೈ ತುಂಬಿದ್ದಲ್ಲ, ಹಾಲು ಮೊಟ್ಟೆ ಇಲ್ದೆ ಬಂದಿರೋ ಊತ. ಈಗಿಂದೀಗ್ಲೇ ಆಸ್ಪತ್ರೆಗೆ ಹೋಗ್ಬೇಕು."

"ಹಸಿರು ಬಂತು ಅಂದ್ರಲ್ಲ ನೀವೇ?"

ಸಿಸ್ಟರ್ ಮಗುವಿನ ಅಂಗಿ ಬಿಚ್ಚಿ, ಮೈಕಾವು ತಾಗಲೆಂದು ತಮ್ಮ ಎದೆಗೆ ಒತ್ತಿಕೊಂಡು ಮೇಲೆ ಸೆರಗು, ಸ್ವೆಟರ್ ಹೊದ್ದು ಜೀಪು ಹತ್ತಿದರು. ಮಗು ಅರೆಗಣ್ಣು ಬಿಟ್ಟಾಗಲೆಲ್ಲ ಸಕ್ಕರೆ ನೀರನ್ನು ಚಮಚದ ತುದಿಯಲ್ಲಿ ತುಟಿಗೆ ಮುಟ್ಟಿಸುತ್ತಿದ್ದರು. ಮೂಡಿಗೆರೆಯ ತಿರುವುಗಳಲ್ಲಿ ಅವರು ಪದೇ ಪದೇ ಹೇಳಿದ್ದು ಒಂದೇ ಮಾತು: "ಅಳು ಕಂದ. ಒಂದ್ಸಲ ಅಳು." ಅವಳು ಅಳಲಿಲ್ಲ. ಫಯಾಜ್ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ನಾನು ದ್ಯಾವಮ್ಮನ ಕೈ ಹಿಡಿದು ಕೂತಿದ್ದೆ, ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮೂಡಿಗೆರೆಯಲ್ಲಿ ಡಾಕ್ಟರು ನೋಡಿ ತಕ್ಷಣ ಚಿಕ್ಕಮಗಳೂರಿಗೆ ಕಳಿಸಿದರು. ಮೈ ತಣ್ಣಗಾಗಿ, ರಕ್ತದಲ್ಲಿ ಸಕ್ಕರೆ ತಳ ಕಂಡಿತ್ತಂತೆ. ಸಂಜೆಯವರೆಗೆ ಬಿಟ್ಟಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದರು.

ಆಮೇಲಿನ ದಿನಗಳು ಇನ್ನೂ ವಿಚಿತ್ರ. ಆಸ್ಪತ್ರೆಯಲ್ಲಿ ಎರಡೆರಡು ಗಂಟೆಗೊಮ್ಮೆ ಅಳತೆ ಮಾಡಿ ಹಾಲು ಕುಡಿಸುತ್ತಿದ್ದರು, ತೂಕ ಮಾತ್ರ ಇಳಿಯುತ್ತಲೇ ಹೋಯಿತು. ಎಂಟೂವರೆ, ಎಂಟು, ಏಳೂ ಮುಕ್ಕಾಲು. ಕೃಷ್ಣಮ್ಮ ಸಿಸ್ಟರ್ ಡ್ಯೂಟಿ ಮುಗಿಸಿ ದಿನಾ ಬಸ್ಸಿನಲ್ಲಿ ಹೋಗಿ ನೋಡಿ ಬರುತ್ತಿದ್ದರು. ಒಂಬತ್ತನೇ ದಿನ ನಾನೂ ಹೋಗಿದ್ದೆ. ಅಂದು ಏಳು ಕೆಜಿ ಮುನ್ನೂರು. ಮಗುವಿನ ಕಾಲು ಕಡ್ಡಿಯಾಗಿತ್ತು. ದ್ಯಾವಮ್ಮ ಮಗ್ಗುಲು ಬದಲಿಸಲು ಎತ್ತಿದಾಗ ಕಾಲ್ಗಡಗ ತಾನಾಗಿ ಜಾರಿ ಟಣ್ ಎಂದು ನೆಲಕ್ಕೆ ಬಿತ್ತು.

ದ್ಯಾವಮ್ಮ ಅದನ್ನು ಎತ್ತಿಕೊಂಡು ಬೊಬ್ಬೆ ಹೊಡೆದರು. "ನೋಡಿ! ತುಂಬಿದ ಮಗು ತಂದಿದ್ದೆ, ಒಣಗಿಸಿಬಿಟ್ರಲ್ಲ!"

ಸಿಸ್ಟರ್ ಪಾದ ಹಿಡಿದು ಒತ್ತಿ ಎಣಿಸಿದರು. ಬೆರಳು ತೆಗೆದರು. ಗುಳಿಯಿಲ್ಲ, ನೀರೆಲ್ಲ ಇಳಿದಿತ್ತು. ಗೋಡೆಗೆ ಒರಗಿ ಕೂತು ಮುಖ ಮುಚ್ಚಿಕೊಂಡು ಅತ್ತರು. ಅಜ್ಜಿಯ ಕೂಗಿಗೋ ಸಿಸ್ಟರ್ ಅಳುವಿಗೋ ಬೆದರಿ ಕೃತಿಕಾ ಬಾಯಿ ತೆರೆದು ವಾರ್ಡಿಗೆಲ್ಲ ಕೇಳುವಂತೆ ಕಿರುಚಿದಳು. ಮೂವರೂ ಅಳುತ್ತಿದ್ದರು, ನಾನೊಬ್ಬಳೇ ನಗುತ್ತಿದ್ದೆ.

ಮಗು ಉಳಿಯಿತು. ಈಗ ಅಂಗನವಾಡಿಯಲ್ಲಿ ಮೊಟ್ಟೆಗೆ ಜಗಳ ಮಾಡುವವಳು ಅವಳೇ. ಸಿಸ್ಟರ್ ಮಾತ್ರ ಬದಲಾದರು. ಬೆಳ್ಳಿ ಬಿಚ್ಚಿಸುವ ಜೋರು ಈಗಲೂ ಇದೆ, ಆದರೆ ಅದಕ್ಕೂ ಮೊದಲು ಪ್ರತಿ ಮಗುವಿನ ಎರಡೂ ಪಾದ ಒತ್ತಿ ನೋಡುತ್ತಾರೆ. "ನೋಡದೆ ಬಿಟ್ಟ ಕಾಲು ಎಷ್ಟಿದ್ವೋ ನಿಖಿತಾ, ಹದಿನೆಂಟು ವರ್ಷದಲ್ಲಿ" ಎಂದು ಒಮ್ಮೆ ಕೇಳಿದರು. ನಾನು ಮುಂದಿನ ಮಗುವಿನ ಸ್ವೆಟರ್ ಬಿಚ್ಚಿದೆ.

ಮೊನ್ನೆ ದ್ಯಾವಮ್ಮ ಕೃತಿಕಾಳ ತಮ್ಮ ನಂದನ್‌ನನ್ನು ಕರೆತಂದರು. ವರ್ಷ ತುಂಬಿದ ಗುಂಡು ಗುಂಡು ಹುಡುಗ. ಕೃತಿಕಾಳ ಅದೇ ಕಡಗ ಈಗ ಇವನ ಕಾಲಲ್ಲಿ. ನಾನು ಕೇಳುವ ಮೊದಲೇ ದ್ಯಾವಮ್ಮ ಅದನ್ನು ಬಿಚ್ಚಿ ಸಿಸ್ಟರ್ ಕೈಗಿಟ್ಟರು.

"ತೂಕ ಆಮೇಲೆ ಸಿಸ್ಟರಮ್ಮ. ಮೊದ್ಲು ಕಾಲು ಒತ್ತಿ."

ಸಿಸ್ಟರ್ ಒತ್ತಿದರು. ಮೂರೆಣಿಸಿ ಬೆರಳು ತೆಗೆದರು. ಪಾದ ಪುಟಿದು ಮೊದಲಿನಂತಾಯಿತು. ನಂದನ್ ಕಾಲು ಝಾಡಿಸಿ ಅತ್ತ. ದ್ಯಾವಮ್ಮ ಉಸಿರು ಬಿಟ್ಟರು, ನಾನೂ ಬಿಟ್ಟೆ.

ಸಿಸ್ಟರ್ ಇನ್ನೊಮ್ಮೆ ಒತ್ತಿದರು.