ಪರೀಕ್ಷಾ ಕೇಂದ್ರ: ಹಾಸನ

ನಮ್ಮ ಅಪ್ಪನಿಗೆ ಕನ್ನಡ ಚೆನ್ನಾಗಿಯೇ ಓದಲು ಬರುತ್ತಿತ್ತು. ಹಾಳೆ ಮಗುಚಿ ಹಿಂಬದಿ ನೋಡುವ ಅಭ್ಯಾಸ ಮಾತ್ರ ಇರಲಿಲ್ಲ. ಆ ಅಭ್ಯಾಸ ಇಲ್ಲದಿದ್ದುದರಿಂದಲೇ ನಾನು ನಾಲ್ಕಕ್ಷರ ಕಲಿತೆ. ಹಾಗಾಗಿ ಅದನ್ನು ಆಡಿಕೊಂಡು ನಗುವ ಹಕ್ಕು ನನಗಿಲ್ಲ, ಆದರೂ ನಗುತ್ತೇನೆ.

ಅರವತ್ತರ ದಶಕದ ಆರಂಭ. ಬೆಳಗೋಡಿನಿಂದ ಎರಡು ಮೈಲಿ ಒಳಗೆ ನಮ್ಮದೊಂದು ಸಣ್ಣ ಕಾಫಿ ತೋಟ, ಕೆಳಗೆ ಒಂದಿಷ್ಟು ಗದ್ದೆ. ನಾನು ಮಿಡ್ಲ್ ಸ್ಕೂಲಿನ ಕೊನೆಯ ತರಗತಿಯಲ್ಲಿದ್ದೆ. ಅದಾದ ಮೇಲೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಉಳಿದಿದ್ದ ವಿದ್ಯೆ ಎಂದರೆ ಕಣದಲ್ಲಿ ಕಾಫಿ ಹರವುವುದು, ಮೋಡ ಕಂಡ ಕೂಡಲೇ ಅದನ್ನು ಬಾಚಿ ಗುಡ್ಡೆ ಹಾಕುವುದು. ದೊಡ್ಡಪ್ಪನ ಮಗಳು ಆಗಲೇ ಅದರಲ್ಲಿ ಪಾಂಡಿತ್ಯ ಗಳಿಸಿ ಮದುವೆಗೆ ಕಾಯುತ್ತಿದ್ದಳು. ಸಕಲೇಶಪುರದಲ್ಲಿ ಹೈಸ್ಕೂಲಿತ್ತು. ಆದರೆ ಬೆಳೆದ ಹುಡುಗಿ ದಿನಾ ಬಸ್ಸಿನಲ್ಲಿ ಓಡಾಡುವುದಕ್ಕೆ ಅಪ್ಪ ಸುತರಾಂ ಒಪ್ಪುತ್ತಿರಲಿಲ್ಲ. ನನಗೋ ಓದುವ ಹುಚ್ಚು. ಕಣ ಕಂಡರೆ ಅಳು ಬರುತ್ತಿತ್ತು.

ಅಂಥ ಹೊತ್ತಿನಲ್ಲಿ ನಮ್ಮ ಶಾಲೆಯ ಮೇಷ್ಟ್ರು ಒಂದು ಫಾರಂ ತಂದುಕೊಟ್ಟರು. ಹೆಣ್ಣುಮಕ್ಕಳಿಗೆಂದೇ ಇರುವ ಶಾಲೆ, ಅಲ್ಲೇ ಹಾಸ್ಟೆಲ್ಲು, ಪ್ರವೇಶ ಪರೀಕ್ಷೆಯಲ್ಲಿ ಗೆದ್ದರೆ ಊಟ ವಸತಿ ಎಲ್ಲ ಅವರದೇ. ಅಪ್ಪ ಒಪ್ಪಿಬಿಟ್ಟ. ನನ್ನ ಬುದ್ಧಿವಂತಿಕೆಗೆ ಮರುಳಾಗಿ ಅಂತ ಯಾರೂ ತಿಳಿಯಬಾರದು. ಪಕ್ಕದ ದೊಡ್ಡ ಎಸ್ಟೇಟಿನ ಸಾಹುಕಾರರ ಮಗಳು ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿದ್ದಳು. ಬೆಳಗೋಡಿನ ಬಸ್‌ಸ್ಟಾಂಡಿನಲ್ಲಿ ಅವರು ಆ ಮಾತನ್ನು ಎಲೆಅಡಿಕೆಯ ಹಾಗೆ ನಿಧಾನವಾಗಿ ಜಗಿಯುತ್ತಿದ್ದರು. ಅಪ್ಪನಿಗೂ ಜಗಿಯುವುದಕ್ಕೆ ಏನಾದರೂ ಬೇಕಾಗಿತ್ತು.

ಫಾರಂನ ಮುಂಭಾಗದಲ್ಲಿ ಹೆಸರು, ವಯಸ್ಸು ಎಲ್ಲ ಆದಮೇಲೆ ಒಂದು ಸಾಲಿತ್ತು: ‘ಪರೀಕ್ಷಾ ಕೇಂದ್ರ: ಹಾಸನ, ಚಿಕ್ಕಮಗಳೂರು, ಮಂಗಳೂರು. ಇವುಗಳಲ್ಲಿ ಅನುಕೂಲವಾದುದನ್ನು ಬರೆಯತಕ್ಕದ್ದು.’ ಎಡವಟ್ಟು ಆದದ್ದೇ ಇಲ್ಲಿ. ಆ ಕಾಲದಲ್ಲಿ ತೋಟದವರು ಬೆಳೆದ ಕಾಫಿಯನ್ನೆಲ್ಲ ಹೊರಗೆ ಮಾರದೆ, ಎಲ್ಲರ ಬೆಳೆ ಒಟ್ಟು ಸೇರಿಸಿ ಮಾರುವ ಸರ್ಕಾರದ ಪೂಲಿಗೇ ಕೊಡಬೇಕಿತ್ತು. ಯಾವ ಡಿಪೋಗೆ ಹಾಕುತ್ತೀರಿ ಎಂದು ಅಲ್ಲಿಯೂ ಒಂದು ಫಾರಂ ಕೇಳುತ್ತಿತ್ತು. ಅಪ್ಪ ಒಂದು ಊರಿನ ಹೆಸರು ಬರೆಯುತ್ತಿದ್ದ, ಮೂಟೆಗಳು ಆ ಊರಿಗೆ ಹೋಗುತ್ತಿದ್ದವು, ವಾಪಸು ಬರುತ್ತಿರಲಿಲ್ಲ. ಅಪ್ಪನಿಗೆ ಗೊತ್ತಿದ್ದ ಫಾರಂ ಅದೊಂದೇ. ಮಗಳ ವಿಷಯವೂ ಹಾಗೇ ಎಂದುಕೊಂಡ.

“ನಾವು ಯಾವ್ ಊರು ಬರೀತೀವೋ ಅಲ್ಲೇ ಪರೀಕ್ಷೆ ಮಾಡಿ ಅಲ್ಲೇ ಇಟ್ಕಂಡು ಓದುಸ್ತಾರೆ” ಎಂದು ಜಗಲಿಯ ಮೇಲೆ ಕೂತು ಘೋಷಿಸಿದ. ದೊಡ್ಡಪ್ಪ ತಲೆಯಾಡಿಸಿದ. ಅವನೂ ವರ್ಷ ವರ್ಷ ಕಾಫಿ ಹಾಕಿದವನೇ. ಡಿಪೋಗೆ ಹಾಕಿದ ಕಾಫಿ ಕೂಡ ಡಿಪೋದಲ್ಲೇ ಕೂರುವುದಿಲ್ಲ, ಹಡಗು ಹತ್ತಿ ಎಲ್ಲೆಲ್ಲಿಗೋ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದು ಆ ಗಳಿಗೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೂರು ಭಾನುವಾರ ಪಂಚಾಯ್ತಿ ನಡೆಯಿತು. ದೊಡ್ಡಪ್ಪನದು ಚಿಕ್ಕಮಗಳೂರು.

“ಅಲ್ಲಿ ತಂಪು ಕಣೋ. ಕೂಸಿನ ಬಣ್ಣ ಕೆಡಾಕಿಲ್ಲ.”

ದೊಡ್ಡಪ್ಪನ ಅತ್ತೆಮನೆ ಅಲ್ಲಿತ್ತು. ನನ್ನನ್ನು ನೋಡುವ ನೆಪದಲ್ಲಿ ಹೋಗಿ ಕೋಳಿಸಾರು ಉಂಡು ಬರುವ ಅವನ ಲೆಕ್ಕಾಚಾರ ಮನೆಯ ಬೆಕ್ಕಿಗೂ ಅರ್ಥವಾಗಿತ್ತು. ಸಕಲೇಶಪುರದಿಂದ ಬರುತ್ತಿದ್ದ ಲಾರಿ ಸಾಹೇಬರು, ಅಂದರೆ ನಮ್ಮ ಮೂಟೆಗಳನ್ನು ಸಾಗಿಸುತ್ತಿದ್ದ ಅಪ್ಪನ ಸ್ನೇಹಿತರು, ಮಂಗಳೂರು ಹಿಡಿದು ಕೂತರು.

“ಮಂಗ್ಳೂರೇ ಬರೀರಿ ಗೌಡ್ರೆ. ವಾರಕ್ಕೆರಡು ಸಲ ನನ್ನ ಲಾರಿ ಘಾಟಿ ಇಳೀತೈತೆ. ಅಕ್ಕಿ, ತುಪ್ಪ, ಉಪ್ಪಿನಕಾಯಿ ಎಲ್ಲ ಮಗೂಗೆ ಬಾಗ್ಲಿಗೇ ಮುಟ್ಟುಸ್ತೀನಿ.”

“ಘಾಟೀಲಿ ದೋಣಿಗಲ್ ಕೆಳಗೆ ಗುಡ್ಡ ಜರುದ್ರೆ ಏನ್ ಮಾಡೀರಿ?” ದೊಡ್ಡಪ್ಪ ಬಿಡಲಿಲ್ಲ. “ಮಳೆ ಮುಗಿಯೋಗಂಟ ಕೂಸು ಅಲ್ಲೇ. ಆ ಸೆಕೆಗೆ ಕರಗೋಗ್ಬುಡ್ತೈತೆ ಮಾರಾಯ.”

“ಬೆಲ್ಲದಚ್ಚೇನ್ರೀ ಕರಗಾಕೆ?”

ಹೀಗೆ ಮೂರೂ ಊರಿನ ನೀರು, ಗಾಳಿ, ಸೊಳ್ಳೆ, ಮೀನು, ನೆಂಟರು ಎಲ್ಲದರ ವಿಚಾರಣೆ ಆಯಿತು. ನಾನು ಮೂರು ಗಂಟೆ ಕೂತು ಎದ್ದು ಬರಬೇಕಾದ ಒಂದು ಬೆಂಚಿಗಾಗಿ ಇಷ್ಟು ಕಾಫಿ ಖರ್ಚು. ನನಗೆ ಭಿನ್ನರಾಶಿ ಬರುತ್ತದೋ ಇಲ್ಲವೋ ಎಂದು ಒಬ್ಬರೂ ಕೇಳಲಿಲ್ಲ. ನಿನಗೆ ಯಾವುದು ಬೇಕು ಎಂದಂತೂ ಕೇಳಲೇ ಇಲ್ಲ.

ಅವ್ವ ಬಾಗಿಲ ಹಿಂದಿನಿಂದ ಒಂದೇ ಮಾತು ಹೇಳುತ್ತಿದ್ದಳು. “ಹಾಸನ ಬರೀರಿ. ಬೆಳಿಗ್ಗೆ ಬಸ್ ಹತ್ತಿ ಹೋದ್ರೆ ಸಂಜೆ ಹಾಲು ಕರೆಯೋ ಹೊತ್ಗೆ ವಾಪಸ್ ಬರ್ಬೋದು. ತಿಂಗ್ಳಿಗೊಂದ್ ಸಲ ಮಕ ನೋಡ್ಕಂಡ್ ಬತ್ತೀನಿ.” ಅವರು ಯಾವ ಊರಿನ ಗುಣಗಾನ ಮಾಡಿದರೂ ಅವಳು ಅದನ್ನೇ ಹೇಳುತ್ತಿದ್ದಳು. ನೀರು ಗಾಳಿಯ ಗೊಡವೆಗೆ ಅವಳು ಹೋಗಲಿಲ್ಲ.

ಎರಡನೆಯ ಭಾನುವಾರ ಗಂಡಸರು ಮೂವರೂ ತೋಟ ನೋಡಲು ಹೋದಾಗ ಫಾರಂ ಜಗಲಿಯ ಮೇಲೇ ಉಳಿದಿತ್ತು. ನಾನು ಮಗುಚಿ ನೋಡಿದೆ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ನಿಯಮಗಳಿದ್ದವು. ಐದನೆಯದು: ‘ಆಯ್ಕೆಯಾದ ವಿದ್ಯಾರ್ಥಿನಿಯರು ಮೈಸೂರಿನಲ್ಲಿರುವ ಶಾಲೆಯ ವಿದ್ಯಾರ್ಥಿನಿಲಯದಲ್ಲಿಯೇ ವಾಸಿಸತಕ್ಕದ್ದು.’ ನೆಂಟರೂ ಇಲ್ಲದ, ಸಾಹೇಬರ ಲಾರಿಯೂ ಹೋಗದ ಮೈಸೂರು ಎಂಬ ಶಬ್ದ ಕಿವಿಗೆ ಬಿದ್ದರೆ ಅಪ್ಪ ಫಾರಂ ಅನ್ನು ನೀರೊಲೆಗೆ ಹಾಕುತ್ತಾನೆ, ಮಾರನೇ ದಿನ ನಾನು ಕಣದಲ್ಲಿರುತ್ತೇನೆ. ಹಾಳೆಯನ್ನು ಮೊದಲಿದ್ದಂತೆ ಇಟ್ಟು ಒಳಗೆ ಹೋಗಿ ಹುರುಳಿ ಆರಿಸುತ್ತಾ ಕೂತೆ.

ದೊಡ್ಡಪ್ಪನೂ ಸಾಹೇಬರೂ ಒಬ್ಬರಿಗೊಬ್ಬರು ಬಗ್ಗದೆ, ಕೊನೆಗೆ ಹಾಸನ ಎಂದು ತೀರ್ಮಾನವಾಯಿತು. ಆದರೆ ಕಣ್ಣಾರೆ ನೋಡದೆ ಬರೆಯುವ ಜಾತಿ ಅಪ್ಪನದಲ್ಲ. ಪರೀಕ್ಷೆ ನಡೆಯುವ ಶಾಲೆ ಯಾವುದೆಂದು ಮೇಷ್ಟ್ರ ಹತ್ತಿರ ಕೇಳಿಕೊಂಡ. ಮೊದಲೇ ಹೋಗಿ ಕೇಂದ್ರ ನೋಡಿ ಬರುವ ತಂದೆ ಎಷ್ಟು ಜನ ಎಂದು ಮೇಷ್ಟ್ರು ಬೇರೆ ಹೊಗಳಿದರು. ಅಪ್ಪ ನನ್ನನ್ನೂ ಕರೆದುಕೊಂಡು ಹಾಸನಕ್ಕೆ ಹೊರಟ. ರಜೆಯ ದಿನ, ಅಲ್ಲಿ ಜವಾನನೊಬ್ಬನೇ ಇದ್ದ. ಅಪ್ಪ ಬಾವಿಯಿಂದ ನೀರು ಸೇದಿ ಕುಡಿದು ನೋಡಿದ, ಕಿಟಕಿಯ ಸರಳು ಅಲ್ಲಾಡಿಸಿದ, ಗೋಡೆಗೆ ಶೀತ ಹತ್ತಿದೆಯೇ ಎಂದು ಅಂಗೈ ಒತ್ತಿದ. ಆಮೇಲೆ ಕೇಳಿದ:

“ಹುಡ್ಗೀರು ಮಲಗಾದು ಎಲ್ಲಿ?”

ಜವಾನ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದ. “ಇಲ್ಲಿ ಮಲಗೋನು ನಾನೊಬ್ನೇ ಕಣ್ರೀ.”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪ ಮಾತ್ರ ಸ್ವಲ್ಪವೂ ಅಲುಗಲಿಲ್ಲ. ಮನೆಗೆ ಬಂದು “ಹಾಸ್ಟೆಲ್ ಇನ್ನೂ ಕಟ್ಟಿಲ್ಲ, ಕಟ್ತಾರೆ. ನೀರು ಮಾತ್ರ ಬಾಳ ಚೆನ್ನಾಗೈತೆ” ಎಂದು ವರದಿ ಒಪ್ಪಿಸಿದ. ಅವ್ವನಿಗೆ ಅಷ್ಟು ಸಾಕಾಯಿತು. ಅವತ್ತೇ ಅವಳು ಹಾಸನದ ಬಸ್ಸುಗಳ ಹೊತ್ತು ಕೇಳಿ ಬಾಯಿಪಾಠ ಮಾಡಿಕೊಂಡಳು.

ಪರೀಕ್ಷೆ ಬರೆದೆ, ಭಿನ್ನರಾಶಿ ಬಂತು. ಎರಡು ತಿಂಗಳಿಗೆ ಕಾಗದವೂ ಬಂತು. ಅಷ್ಟರಲ್ಲಿ ಅಪ್ಪ ಮಗಳು ಹಾಸ್ಟೆಲ್ಲಿನಲ್ಲಿ ಓದುತ್ತಾಳೆ ಎಂದು ಬೆಳಗೋಡಿನಲ್ಲೆಲ್ಲ ಸಾರಿಬಿಟ್ಟಿದ್ದ. ಶಾಲೆಯ ವಿಳಾಸಕ್ಕೆ ಬಂದಿದ್ದ ಅದನ್ನು ಮೇಷ್ಟ್ರು ತಂದು ನಮ್ಮ ಅಂಗಳದಲ್ಲಿ ನಿಂತು ಓದಿದರು. ಮೈಸೂರು ಎಂದಾಗ ಅಪ್ಪ ತಡೆದ.

“ಮೇಷ್ಟ್ರೇ, ಕನ್ನಡಕ ಒರೆಸ್ಕಂಡ್ ಓದಿ.”

ಮೇಷ್ಟ್ರು ಒರೆಸಿಕೊಂಡರು. ಆಗಲೂ ಮೈಸೂರೇ ಇತ್ತು. ಹಾಸನ ಬರಿಯ ಪರೀಕ್ಷೆಗೆ, ಎಲ್ಲವೂ ಫಾರಂನ ಹಿಂಬದಿಯಲ್ಲೇ ಇತ್ತಲ್ಲ ಎಂದರು. ಅಪ್ಪನ ಮುಖ ಕೆಂಪಾಯಿತು. ಆದರೆ ಕಳಿಸುವುದಿಲ್ಲ ಎಂದರೆ ಫಾರಂ ಓದಲು ಬರಲಿಲ್ಲ ಎಂದು ಇಡೀ ಹೋಬಳಿಯ ಮುಂದೆ ಒಪ್ಪಿಕೊಂಡಂತೆ. ಅದೂ ಆ ಸಾಹುಕಾರರ ಮುಂದೆ. ನಾಲ್ಕು ದಿನ ಅಪ್ಪ ಬೆಳಗೋಡಿನ ಕಡೆ ತಲೆ ಹಾಕಲಿಲ್ಲ. ಐದನೆಯ ದಿನ ಬಸ್‌ಸ್ಟಾಂಡಿನಲ್ಲಿ ಅವನು ಹೇಳುತ್ತಿದ್ದುದನ್ನು ನನ್ನ ಕಿವಿಯಾರೆ ಕೇಳಿದೆ: “ಹಾಸನ್ದಾಗೆ ಏನ್ ಐತೆ ಮಣ್ಣು? ಓದ್ಸಿದ್ರೆ ಮೈಸೂರ್ನಾಗೇ ಓದುಸ್ಬೇಕು ಅಂತ ಮೊದ್ಲೇ ತೀರ್ಮಾನ ಮಾಡಿದ್ದೆ.” ಮಗಳ ಮೇಲಿನ ಅಕ್ಕರೆ ಮಾಡಲಾಗದ ಕೆಲಸವನ್ನು ಅಪ್ಪನ ಜಂಭ ಮಾಡಿ ಮುಗಿಸಿತ್ತು. ನಾನು ಗೆದ್ದೆ ಎಂದುಕೊಂಡೆ.

ಹೊರಡುವ ಹಿಂದಿನ ದಿನ ಅವ್ವ ನನ್ನ ಲಂಗಗಳನ್ನು ಟ್ರಂಕಿಗೆ ಜೋಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು.

“ಆ ಹಾಳೆ ಹಿಂದ್ಗಡೆ ನೀನು ಓದಿದ್ದೆ, ಅಲ್ವೇನವ್ವ?”

“ಹೂಂ.”

“ಬರೆಯೋಕ್ ಮುಂಚೇನೆ?”

“ಹೂಂ.”

“ಅವ್ರಿಗೆ ಹೇಳ್ದೆ ಇದ್ದದ್ದು ಸರಿ ಆಯ್ತು ಬಿಡು. ನಂಗ್ಯಾಕ್ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಕಳಿಸ್ತಿರ್ಲಿಲ್ಲ.”

ಅವ್ವ ಮಡಿಸುತ್ತಿದ್ದ ಲಂಗವನ್ನು ತೊಡೆಯ ಮೇಲಿಟ್ಟುಕೊಂಡಳು.

“ನೀನೂ ಅವ್ರಂಗೇ ನನ್ನ ಒಂದ್ ಮಾತು ಕೇಳ್ಲಿಲ್ವಲ್ಲೇ” ಎಂದಳು.