ರಿ ಮೇಲಿನ ಚುಕ್ಕಿ

ಕೆಲವರಿಗೆ ಹೋಳಿಗೆಯಲ್ಲಿ ಸಿಗುವ ಸುಖ ನನಗೆ ಮನವಿಪತ್ರ ಬರೆಯುವುದರಲ್ಲಿ ಸಿಗುತ್ತದೆ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಹುಣಸೂರಿಗೆ ಮರಳಿದ ಮೇಲೆ, ನಲ್ಲಿಯಲ್ಲಿ ನೀರು ಬಾರದ್ದಕ್ಕೆ, ಗ್ರಂಥಾಲಯದ ಬಾಗಿಲು ತೆರೆಯದ್ದಕ್ಕೆ, ಕೈಯೊಡ್ಡಿದರೂ ಬಸ್ಸು ನಿಲ್ಲದ್ದಕ್ಕೆ ನಾನು ಬರೆದುದನ್ನೆಲ್ಲ ಸೇರಿಸಿದರೆ ಒಂದು ಸಂಕಲನವಾದೀತು. ಎಲ್ಲದರ ಕೊನೆಗೂ ಒಂದೇ ಪ್ರಶ್ನೆ: ‘ಇದಕ್ಕೆ ಹೊಣೆ ಯಾರು?’ ಉತ್ತರ ಬಂದ ನೆನಪಿಲ್ಲ. ಉತ್ತರ ಬಾರದ ಪ್ರಶ್ನೆಯಲ್ಲಿ ಒಂದು ಅನುಕೂಲವಿದೆ: ಕೇಳಿದವರು ಯಾವಾಗಲೂ ಸರಿಯಾಗಿಯೇ ಇರುತ್ತಾರೆ.

ಆ ಅನುಕೂಲ ನನಗೆ ತಪ್ಪಿದ್ದು ಒಂದು ಚುಕ್ಕಿಯ ದೆಸೆಯಿಂದ.

ನಮ್ಮ ಹಿಂದಿನ ಬೀದಿಯ ಗಿರಿಜತ್ತೆ ಸಂಗೀತದ ಟೀಚರು. ನನಗೆ ಸಂಬಂಧದಲ್ಲಿ ಅತ್ತೆಯಲ್ಲ, ಬೀದಿಗೆಲ್ಲ ಅತ್ತೆ. ಗಂಡನ ದಿನಸಿ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ, ಒಣಮೆಣಸಿನಕಾಯಿಯ ಘಾಟಿನ ನಡುವೆ, ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದರು. ಸೀನನ್ನು ತಾಳ ತಪ್ಪದಂತೆ ಸೀನುವುದು ಅಲ್ಲಿನ ಮೊದಲ ಪಾಠ. ಆ ವರ್ಷ ಅತ್ತೆಯ ಕಣ್ಣು ಮಂಜಾಗತೊಡಗಿತು. ಅವರು ಬರೆದುಕೊಡುವ ಸ್ವರಗಳು ಸಂತೆಯ ದಿನದ ಬಸ್ಸಿನ ಜನರಂತೆ ಒಂದರ ಮೇಲೊಂದು ಬೀಳತೊಡಗಿದವು.

‘ಬರ್ದುಕೊಡಕ್ಕಾಗ್ದಿದ್ ಮೇಲೆ ಅದ್ಯಾವ ಪಾಠ? ದಸರಾ ಕಳೀಲಿ, ನಿಲ್ಲಿಸ್ಬುಡ್ತೀನಿ ಕಣಮ್ಮ’ ಎಂದರು.

ಅವರು ನಿಲ್ಲಿಸಿದರೆ ಗಾವಡಗೆರೆಯಿಂದ ಬರುವ ಭಾಗ್ಯಳಂಥ ಶಿಷ್ಯೆಯರಿಗೆ ಮೈಸೂರೇ ಗತಿ. ಮೈಸೂರೆಂದೊಡನೆ ಆ ಮನೆಗಳಲ್ಲಿ ‘ಕಲ್ತಿದ್ದು ಸಾಕು ಬುಡು’ ಎಂಬ ತೀರ್ಪು ಸಿದ್ಧವಾಗಿರುತ್ತದೆ.

ಸೈಬರ್ ಅಂಗಡಿಯಲ್ಲಿ ಹುಡುಕಿದಾಗ ನನಗೊಂದು ಮುಕ್ತ ತಂತ್ರಾಂಶ ಸಿಕ್ಕಿತು. ಸ್ವರಗಳನ್ನು ಟೈಪಿಸಿದರೆ ಅಚ್ಚುಕಟ್ಟಾದ ಹಾಳೆಯಾಗಿಸಿ ಕೊಡುವಂಥದು. ದೇಶದೇಶದ ಸ್ವಯಂಸೇವಕರು ಬಿಡುವಿನಲ್ಲಿ ಕಟ್ಟಿದ್ದು. ಬಳಸಲು, ತಿದ್ದಲು, ಹಂಚಲು ಯಾರಿಗೂ ಅಡ್ಡಿಯಿಲ್ಲ. ಅತ್ತೆಯ ಪಾಠವೊಂದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಗೆದ್ದವಳಂತೆ ಒಯ್ದೆ. ಭಾಗ್ಯ ಹಾಳೆ ಹಿಡಿದು ಹಾಡಿದಳು. ಮೇಲಿನ ಸ ಮುಟ್ಟಿದವಳು ಅದಕ್ಕೂ ಮೇಲಿನ ರಿಗೆ ಏರಬೇಕಾದಲ್ಲಿ ದಡಕ್ಕನೆ ಕೆಳಗಿಳಿದಳು.

‘ಗುಡ್ಡ ಅತ್ತಿದೋಳು ಬಾವಿಗ್ಯಾಕ್ ಬಿದ್ಯೇ?’ ಎಂದರು ಅತ್ತೆ.

‘ರಿ ಮೇಲೆ ಚುಕ್ಕೀನೇ ಇಲ್ಲ ಮಿಸ್!’

ಚುಕ್ಕಿ ಇತ್ತು. ಮೇಲಿನ ಸ್ಥಾಯಿಯ ಸ್ವರಕ್ಕೆ ನೆತ್ತಿಯ ಮೇಲೊಂದು ಚುಕ್ಕಿಯಿಡುವುದು ವಾಡಿಕೆ. ಆದರೆ ರಿಯ ನೆತ್ತಿಯಲ್ಲಿ ಆಗಲೇ ಇಕಾರದ ಗುಡಿಸು ಕುಳಿತಿದೆ. ಯಂತ್ರ ಚುಕ್ಕಿಯನ್ನು ಅದರೊಳಗೇ ಇಟ್ಟಿತ್ತು, ಶಾಯಿ ನುಂಗಿತ್ತು. ಓಲೆಗರಿ ಸೀಳಬಾರದೆಂದು ನಮ್ಮ ಅಕ್ಷರಗಳು ದುಂಡಗಾದವು ಎನ್ನುತ್ತಾರೆ ಬಲ್ಲವರು. ಗರಿಯನ್ನು ಉಳಿಸಿದ ಆ ದುಂಡುತನ ಇಲ್ಲಿ ಒಂದು ಸ್ಥಾಯಿಯನ್ನೇ ನುಂಗಿತ್ತು.

ನನ್ನ ರಕ್ತ ಕುದಿಯಿತು. ತಂತ್ರಾಂಶದ ಬಳಗಕ್ಕೆ ಇಂಗ್ಲಿಷಿನಲ್ಲಿ ಒಂದು ಮನವಿ ರವಾನಿಸಿದೆ: ವಿಷಯ, ಉಲ್ಲೇಖ, ಬೇಡಿಕೆ ಎಲ್ಲ ಕ್ರಮವಾಗಿ, ವಾರದೊಳಗೆ ಸರಿಪಡಿಸದಿದ್ದಲ್ಲಿ ಉಗ್ರ ಹೋರಾಟ ಅನಿವಾರ್ಯವೆಂದು ಕೊನೆಗೆ. ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದಾಗ ಅವರು ಗಂಭೀರವಾಗಿ ಕೇಳಿದರು:

‘ಓರಾಟ ಎಲ್ ಮಾಡ್ತೀಯಮ್ಮ? ಆ ಸೈಬರ್ ಅಂಗ್ಡೀ ಮುಂದೇನಾ?’

ಅನಾಹುತವೆಂದರೆ, ಈ ಸಲ ಉತ್ತರ ಬಂದಿತು. ಯಾವುದೋ ದೂರದೇಶದ ಒಬ್ಬಾತ ಬರೆದಿದ್ದ: ‘ನೀವು ಹೇಳಿದ್ದು ನಿಜ. ನಮ್ಮಲ್ಲಿ ಯಾರಿಗೂ ಈ ಲಿಪಿ ಓದಲು ಬರುವುದಿಲ್ಲ, ನಿಮಗೆ ಬರುತ್ತದೆ. ತಿದ್ದಿಕೊಡುವಿರಾ? ದಾರಿ ನಾವು ತೋರಿಸುತ್ತೇವೆ.’

ಉಪೇಕ್ಷೆಯನ್ನು ಎದುರಿಸುವುದು ನನಗೆ ಗೊತ್ತಿತ್ತು. ಸೌಜನ್ಯದ ಮುಂದೆ ನಾನು ನಿರಾಯುಧಳಾದೆ. ಅಳತೆಪಟ್ಟಿ ಹಿಡಿದು ಅಕ್ಷರಗಳ ಎತ್ತರ ಅಳೆದೆ. ಚುಕ್ಕಿ ಎಷ್ಟು ಮೇಲೇರಬೇಕೆಂದು ಯಂತ್ರಕ್ಕೆ ತಿಳಿಸುವ ನಾಲ್ಕಾರು ಸಾಲನ್ನು ಅವರು ತೋರಿಸಿದಂತೆ ಬರೆದು ಕಳಿಸಿದೆ. ಸಾಲುಗಳು ಮರಳಿ ಬಂದವು, ಪ್ರಶ್ನೆಗಳೊಡನೆ. ಇಷ್ಟೇ ಅಂತರವೇಕೆ? ನಿ ಸ್ವರಕ್ಕೂ ಇದು ಹೊಂದುವುದೇ? ಸಾಲು ಚಿಕ್ಕದಾದರೂ ಕಾರಣ ಕೊಡದೆ ಒಳಗೆ ಬಿಡುವವರಲ್ಲ ಅವರು. ಬಿಟ್ಟ ಮೇಲೆ ಅದರ ಪಕ್ಕದಲ್ಲಿ ಬರೆದವರ ಹೆಸರು ಲೋಕಕ್ಕೆಲ್ಲ ಕಾಣುವಂತೆ ನಿಲ್ಲುತ್ತದೆ. ನಮ್ಮೂರ ನೀರಿನ ಕೊಳವೆಗಳ ಮೇಲೆ ಹೀಗೆ ಹೂಳಿದವರ ಹೆಸರು ಕೆತ್ತಿದ್ದರೆ ಎಷ್ಟು ಕೊಳವೆಗಳಲ್ಲಿ ನೀರು ಹರಿಯುತ್ತಿತ್ತೋ! ಸಂಬಳವಿಲ್ಲದವರು ಕೊಡುವ ಲೆಕ್ಕವನ್ನು ಸಂಬಳ ಪಡೆಯುವವರು ಯಾಕೆ ಕೊಡರು ಎಂಬ ನನ್ನ ಸಿಟ್ಟು ಇನ್ನೂ ಆರಿಲ್ಲ, ಆರಲೂಬಾರದು.

ತಿದ್ದುಪಡಿ ಒಪ್ಪಿಗೆಯಾಯಿತು. ಹೊಸ ಹಾಳೆಯಲ್ಲಿ ಚುಕ್ಕಿ ಗುಡಿಸಿನಿಂದ ಹೊರಬಂದು ಬಯಲಲ್ಲಿ ನಿಂತಿತ್ತು. ದಸರಾ ಹತ್ತಿರವಿತ್ತು. ಭಾಗ್ಯ ಹಾಡುತ್ತ ಸ ದಾಟಿ ರಿಗೆ ಏರಿದಳು. ನಾನು ಮೆಚ್ಚುಗೆಗಾಗಿ ಅತ್ತೆಯ ಮುಖ ನೋಡಿದೆ. ಅವರು ಹಾಳೆಯತ್ತ ತಿರುಗಲೂ ಇಲ್ಲ. ಕಣ್ಣು ಮುಚ್ಚಿ ಕುಳಿತಿದ್ದರು.

‘ಚುಕ್ಕಿ ಬಂತು. ಶ್ರುತಿ ಬರ್ನಿಲ್ಲ’ ಎಂದರು.

‘ಅತ್ತೆ, ಅದನ್ನ ಯಂತ್ರ ಸರಿಮಾಡೋಕಾಗಲ್ಲ.’

‘ಅದ್ ಯಾಕ್ ಮಾಡ್ಬೇಕು? ಅದಕ್ ನಾನಿಲ್ವಾ?’ ಎನ್ನುತ್ತ ಶ್ರುತಿಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ‘ಬರ್ಯೋದು ನೀನ್ ನೋಡ್ಕೋ, ಕೇಳೋದು ನನ್ಗೆ ಬುಡು. ಲೇ ಭಾಗ್ಯ, ಇನ್ನೊಂದ್ಸಲ ಆ ರಿ ಏಳು. ಬಸ್ಸು ಓದ್ರೆ ಇನ್ನೊಂದ್ ಬತ್ತದೆ.’

ದಸರಾ ಕಳೆಯಿತು, ಹೊಗೆಸೊಪ್ಪಿನ ಹರಾಜೂ ಶುರುವಾಯಿತು. ಪಡಸಾಲೆಯಲ್ಲಿ ಪಾಠ ನಡೆದೇ ಇತ್ತು. ಕೆಲವರಿಂದ ಹೊಣೆಗಾರಿಕೆಯನ್ನು ಜಗಳವಾಡಿ ಕೇಳಿ ಪಡೆಯಬೇಕು, ನಿಜ. ಅತ್ತೆಯಂಥ ಕೆಲವರ ಕೈಯಿಂದ ಅದು ಜಾರದಂತೆ ನೋಡಿಕೊಂಡರೆ ಸಾಕು.